ಪರದೇಶಿಗಳಾದ ಇಟಲಿಯ ಮಕ್ಕಳು



ನಮ್ಮ ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದಿಂದ ಬಂದವನು ಎಂಬುದು ಒಂದು. ಹೇಳುವವರು ಕೇಳುವವರು ಯಾರೂ ಇಲ್ಲದ, ದಿಕ್ಕುಗೆಟ್ಟವನು ಎಂಬುದು ಇನ್ನೊಂದು. ‘ನನ್ನ ಮಗ ಪರದೇಶಿಯಾದ’ ಎಂದು ತಾಯಿಯೊಬ್ಬಳು ಅಳುವಾಗ ಅವಳ ಮನಸ್ಸಿನಲ್ಲಿರುವುದು ಈ ಎರಡನೆಯ ಅರ್ಥವೇ. ಆದರೆ ದೇಶ ಬಿಟ್ಟು ಹೋದವನು ದಿಕ್ಕಿಲ್ಲದವನಾಗಲೇಬೇಕೇ? ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ಅವನನ್ನು ದೂಡುವವರು ಯಾರು, ತಡೆಯುವವರು ಯಾರು? ಈ ಪ್ರಶ್ನೆಗೆ ಇಟಲಿ ದೇಶದ ಚರಿತ್ರೆಯಲ್ಲಿ ಉತ್ತರ ಹುಡುಕೋಣ.

ಇಟಲಿ ಎಂದೊಡನೆ ನಮಗೆ ನೆನಪಾಗುವುದು ರೋಮ್ ನಗರ, ಸಂತ ಪೇತ್ರರ ಮಹಾದೇವಾಲಯ, ಅಸ್ಸಿಸಿ, ಪಾದುವ. ಯಾತ್ರಿಕರು ಹೋಗುವ ನಾಡು ಅದು. ಆದರೆ ಆ ನಾಡಿನಿಂದ ಹೊರಟುಹೋದವರ ಲೆಕ್ಕ ನಮ್ಮಲ್ಲಿ ಅನೇಕರಿಗೆ ತಿಳಿಯದು. 1876ರಿಂದ ನೂರು ವರ್ಷಗಳಲ್ಲಿ ಸುಮಾರು 2 ಕೋಟಿ 60 ಲಕ್ಷ ಇಟಾಲಿಯನ್ನರು ಹೊಟ್ಟೆಪಾಡಿಗಾಗಿ ದೇಶ ಬಿಟ್ಟರು. 1913ನೆಯ ಒಂದೇ ವರ್ಷದಲ್ಲಿ ಹೊರಟವರು 8 ಲಕ್ಷ 70 ಸಾವಿರಕ್ಕೂ ಹೆಚ್ಚು. ಹೋದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮರಳಿ ಬಂದರು. ಉಳಿದವರು ಅಮೆರಿಕ, ಅರ್ಜೆಂಟೀನ, ಬ್ರೆಜಿಲ್, ಫ್ರಾನ್ಸ್, ಬೆಲ್ಜಿಯಂ, ಜರ್ಮನಿ, ಆಸ್ಟ್ರೇಲಿಯಗಳಲ್ಲಿ ಮಣ್ಣಾದರು. ಅವರ ಮಕ್ಕಳು ಮೊಮ್ಮಕ್ಕಳು ಇಂದು ಕೋಟಿಗಟ್ಟಲೆ ಇದ್ದಾರೆ.

ಏಕೆ ಹೋದರು?

1861ರಲ್ಲಿ ಇಟಲಿ ಒಂದು ರಾಜ್ಯವಾಯಿತು. ಬಡವನ ಅಡುಗೆಮನೆಗೆ ಆ ಸಂತೋಷ ಇಳಿಯಲಿಲ್ಲ. 1869ರಲ್ಲಿ ಹಿಟ್ಟು ಬೀಸುವುದರ ಮೇಲೆಯೇ ತೆರಿಗೆ ಬಿತ್ತು. ಉತ್ತರದ ವೆನೆತೊ, ಲೊಂಬಾರ್ದಿಯ ಪ್ರಾಂತಗಳ ಗೇಣಿದಾರರು ಬೆಳೆದ ಗೋಧಿಯನ್ನು ಒಡೆಯನಿಗೆ ಅಳೆದುಕೊಟ್ಟು ತಾವು ಮೂರು ಹೊತ್ತೂ ಮೆಕ್ಕೆಜೋಳದ ಗಂಜಿಮುದ್ದೆಯನ್ನೇ ತಿಂದರು. ಅದೊಂದನ್ನೇ ತಿಂದವರಿಗೆ ಪೆಲಾಗ್ರ ಎಂಬ ರೋಗ ಹತ್ತಿತು. ಮೊದಲು ಚರ್ಮ ಸುಲಿಯುತ್ತದೆ, ಆಮೇಲೆ ಬುದ್ಧಿ ಕೆಡುತ್ತದೆ. 1880ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಹಡಗಿನಲ್ಲಿ ಬಂದಿಳಿದಾಗ ಸಣ್ಣ ರೈತನ ಬೆಳೆಗೆ ಬೆಲೆಯಿಲ್ಲದಂತಾಯಿತು. ದಕ್ಷಿಣದಲ್ಲಿ ಭೂಮಿಯೆಲ್ಲ ದೊಡ್ಡ ಜಮೀನುದಾರರ ಕೈಯಲ್ಲಿತ್ತು, ತಗ್ಗುಪ್ರದೇಶಗಳಲ್ಲಿ ಮಲೇರಿಯ ಇತ್ತು. ಮೊದಲ ದಶಕಗಳಲ್ಲಿ ಹೆಚ್ಚಾಗಿ ಹೊರಟವರು ಉತ್ತರದವರು. 1900ರಿಂದೀಚೆಗೆ ಸಿಸಿಲಿ, ಕಲಾಬ್ರಿಯ, ಕಂಪಾನಿಯ ಪ್ರಾಂತಗಳ ಹಳ್ಳಿಗಳು ಖಾಲಿಯಾಗತೊಡಗಿದವು.

ಜಗದ್ಗುರು 13ನೆಯ ಲಿಯೋರವರು ಇದನ್ನೆಲ್ಲ ಕಣ್ಣಾರೆ ಕಂಡವರು. ಹುಟ್ಟಿದ ನೆಲದಲ್ಲೇ ಮರ್ಯಾದೆಯಿಂದ ಬಾಳುವಷ್ಟು ದೊರೆತರೆ ಯಾರೂ ಸ್ವದೇಶವನ್ನು ಪರದೇಶಕ್ಕೆ ಬದಲಾಯಿಸಿಕೊಳ್ಳರು ಎಂಬ ಅರ್ಥದ ಮಾತನ್ನು ಅವರು 1891ರ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಹೇಳಿದ್ದಾರೆ. ವಲಸೆ ಹೋಗುವವನನ್ನು ದುರಾಸೆಯವನು, ಊರಿನ ಮೇಲೆ ಪ್ರೀತಿಯಿಲ್ಲದವನು ಎಂದು ಹಳಿಯುವವರು ಈ ಮಾತನ್ನು ನೆನೆಯಬೇಕು.

ದಾರಿಯಲ್ಲಿ ಕಾದಿದ್ದವರು

ಹೊರಟವನಿಗೆ ಮೊದಲು ಎದುರಾದವನು ಏಜೆಂಟ್. ಹಡಗು ಕಂಪನಿಗಳು ತಲೆಗಿಷ್ಟು ಎಂದು ಅವನಿಗೆ ದಲ್ಲಾಳಿ ಕೊಡುತ್ತಿದ್ದವು. ಆದ್ದರಿಂದ ಸಂತೆಗಳಲ್ಲಿ, ಕೆಲವೊಮ್ಮೆ ದೇವಾಲಯದ ಮುಂದಿನ ಚೌಕದಲ್ಲಿಯೇ ನಿಂತು ಅವನು ಸ್ವರ್ಗವನ್ನೇ ಬಣ್ಣಿಸುತ್ತಿದ್ದನು. ಬ್ರೆಜಿಲ್ ದೇಶ 1888ರಲ್ಲಿ ಗುಲಾಮಗಿರಿಯನ್ನು ರದ್ದುಮಾಡಿತು. ಸಾವೊ ಪಾವ್ಲೊದ ಕಾಫಿ ತೋಟಗಳಿಗೆ ಕೈಗಳು ಬೇಕಾದವು. ಅಲ್ಲಿಯ ಸರ್ಕಾರವೇ ಹಡಗಿನ ಖರ್ಚು ಕೊಟ್ಟು ಇಡೀ ಇಟಾಲಿಯನ್ ಕುಟುಂಬಗಳನ್ನು ಕರೆಸಿಕೊಂಡಿತು. ಗುಲಾಮರು ಬಿಟ್ಟ ಗುಡಿಸಲುಗಳೇ ಎಷ್ಟೋ ಕುಟುಂಬಗಳ ಬಿಡಾರವಾದವು. ತೋಟದ ಅಂಗಡಿಯಲ್ಲಿಯೇ ದಿನಸಿ ಕೊಳ್ಳಬೇಕು, ಅಲ್ಲಿಯ ಸಾಲ ತೀರುವ ತನಕ ತೋಟ ಬಿಡುವ ಹಾಗಿಲ್ಲ. ದೂರುಗಳು ಮಿತಿಮೀರಿದಾಗ 1902ರಲ್ಲಿ ಇಟಲಿ ಸರ್ಕಾರ ಹೀಗೆ ಖರ್ಚು ಕೊಟ್ಟು ಜನರನ್ನು ಬ್ರೆಜಿಲಿಗೆ ಒಯ್ಯುವುದನ್ನು ನಿಷೇಧಿಸಿತು.

ಉತ್ತರ ಅಮೆರಿಕದಲ್ಲಿ ‘ಪದ್ರೋನೆ’ ಎಂಬ ಮೇಸ್ತ್ರಿಗಳಿದ್ದರು. ಇವರೂ ಇಟಾಲಿಯನ್ನರೇ. ಭಾಷೆ ಬಾರದ ಊರವನಿಗೆ ಕೆಲಸ ಕೊಡಿಸಿ ಅವನ ಕೂಲಿಯಲ್ಲಿ ಪಾಲು ಹಿಡಿಯುವವರು, ಮಲಗುವ ಜಾಗಕ್ಕೂ ತಿನ್ನುವ ರೊಟ್ಟಿಗೂ ಅವನಿಂದಲೇ ಹಣ ಕೀಳುವವರು. ಸುಲಿದವನು ಪರಕೀಯನಾಗಿದ್ದರೆ ದುಃಖ ಸಹಿಸಬಹುದು. ತನ್ನ ಮಾತನಾಡುವವನೇ ಸುಲಿದರೆ ಯಾರಿಗೆ ಹೇಳುವುದು? ಕೊಲ್ಲಿ ದೇಶಗಳಿಗೆ ಮಕ್ಕಳನ್ನು ಕಳಿಸಿದ ನಮ್ಮ ತಂದೆತಾಯಂದಿರಿಗೆ ಈ ಕಥೆ ಹೊಸದೇನಲ್ಲ.

ಪರರ ದ್ವೇಷವೂ ಕಡಿಮೆಯಿರಲಿಲ್ಲ. 1891ರ ಮಾರ್ಚ್ 14ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಗುಂಪೊಂದು ಸೆರೆಮನೆಗೆ ನುಗ್ಗಿ 11 ಮಂದಿ ಇಟಾಲಿಯನ್ನರನ್ನು ಕೊಂದುಹಾಕಿತು. ಪೊಲೀಸ್ ಮುಖ್ಯಾಧಿಕಾರಿಯ ಕೊಲೆಯ ಆರೋಪ ಅವರ ಮೇಲಿತ್ತು. ವಿಚಾರಣೆಗೆ ಒಳಗಾದವರಲ್ಲಿ ಒಬ್ಬನನ್ನೂ ನ್ಯಾಯಾಲಯ ಅಪರಾಧಿಯೆಂದು ತೀರ್ಮಾನಿಸಿರಲಿಲ್ಲ.

ಹಿಂದೆ ಉಳಿದ ಮನೆ

ವಲಸೆಯ ಕಥೆ ಹಡಗಿನಲ್ಲಿ ಅರ್ಧ, ಊರಿನ ಮನೆಯಲ್ಲಿ ಅರ್ಧ. ದಕ್ಷಿಣ ಇಟಲಿಯಿಂದ ಹೋದವರಲ್ಲಿ ಹೆಚ್ಚಿನವರು ಗಂಡಸರು. ಗಂಡ ಬದುಕಿರುವಾಗಲೇ ಒಂಟಿಯಾಗಿ ಉಳಿದ ಹೆಂಗಸರನ್ನು ಜನ ‘ಬಿಳಿ ವಿಧವೆಯರು’ ಎಂದು ಕರೆದರು. ಕರಿಯ ಬಟ್ಟೆ ಉಡುವಂತಿಲ್ಲ, ಮುತ್ತೈದೆಯ ಸುಖವೂ ಇಲ್ಲ. ಹೊಲ ಉತ್ತವರು ಇವರು, ಬಡ್ಡಿಯವನೊಡನೆ ಮಾತನಾಡಿದವರು ಇವರು, ಅಮೆರಿಕದಿಂದ ಬಂದ ಹಣದಲ್ಲಿ ಸಾಲ ತೀರಿಸಿ ಮನೆಗೆ ಹೆಂಚು ಹೊದಿಸಿದವರೂ ಇವರೇ. ಓದುಬರಹ ತಿಳಿಯದವರು ಊರಿನ ಗುರುಗಳಲ್ಲಿಗೋ ಉಪಾಧ್ಯಾಯರಲ್ಲಿಗೋ ಹೋಗಿ ಕಾಗದ ಬರೆಸಬೇಕಾಗಿತ್ತು. ಗಂಡನಿಗೆ ಮಾತ್ರ ಹೇಳಬೇಕಾದ ಮಾತನ್ನು ಇನ್ನೊಬ್ಬರ ಮುಂದೆ ಹೇಳಿ ಬರೆಸುವ ಸಂಕಟವನ್ನು ಯೋಚಿಸಿ ನೋಡಿ.

ಕೆಲವರ ಕಾಗದಗಳು ನಿಂತುಹೋದವು. ಸಮುದ್ರದಾಚೆ ಇನ್ನೊಂದು ಸಂಸಾರ ಹುಟ್ಟಿತ್ತು. ಇಂತಹ ಮೋಸಕ್ಕೆ ಧರ್ಮಸಭೆ ತನ್ನದೇ ರೀತಿಯಲ್ಲಿ ತಡೆ ಹಾಕಿತು. 1907ರ ‘ನೆ ತೆಮೆರೆ’ ಎಂಬ ಶಾಸನದ ಪ್ರಕಾರ, ಎಲ್ಲಿ ಮದುವೆಯಾದರೂ ಆ ಸಂಗತಿಯನ್ನು ಜ್ಞಾನಸ್ನಾನ ಪಡೆದ ಊರಿನ ಪುಸ್ತಕದಲ್ಲಿಯೂ ದಾಖಲಿಸಬೇಕಾಯಿತು. ಇಂದು ನಿಮ್ಮ ಮಗನ ಮದುವೆಗೆ ಮೊದಲು ಗುರುಗಳು ಜ್ಞಾನಸ್ನಾನದ ಪತ್ರ ಕೇಳಿದಾಗ ‘ಇದೆಂಥ ತೊಂದರೆ’ ಎಂದು ಗೊಣಗಬೇಡಿ. ಆ ಪುಸ್ತಕದ ಬದಿಯಲ್ಲಿ ಬರೆದ ಒಂದು ಸಾಲು ಎಷ್ಟೋ ಹೆಣ್ಣುಮಕ್ಕಳ ಬಾಳನ್ನು ಕಾಯಬಲ್ಲದು.

ಎರಡನೆಯ ಮಹಾಯುದ್ಧದ ನಂತರ ಆಸ್ಟ್ರೇಲಿಯಕ್ಕೆ ಹೋದ ಹುಡುಗರಿಗೆ ಮದುವೆಗಾಗಿ ಊರಿಗೆ ಬರಲು ಹಣವಿರಲಿಲ್ಲ. ಆಗ ಪ್ರತಿನಿಧಿಯ ಮೂಲಕ ಮದುವೆಗಳು ನಡೆದವು. ಹುಡುಗಿ ಇಟಲಿಯ ತನ್ನೂರಿನ ದೇವಾಲಯದಲ್ಲಿ ನಿಲ್ಲುವಳು. ವರನ ಬದಲಿಗೆ ಅವನ ಅಣ್ಣನೋ ಬೇರೆ ನೆಂಟನೋ ನಿಂತು ಒಪ್ಪಿಗೆಯ ಮಾತು ಹೇಳುವನು. ಧರ್ಮಸಭೆಯ ಕಾನೂನು ಇದಕ್ಕೆ ಇಂದಿಗೂ ಎಡೆ ಕೊಡುತ್ತದೆ. ಆಮೇಲೆ ಆ ಹುಡುಗಿ ವಾರಗಟ್ಟಲೆ ಹಡಗಿನಲ್ಲಿ ಪ್ರಯಾಣ ಮಾಡಿ, ಕೈಯಲ್ಲಿ ಒಂದು ಭಾವಚಿತ್ರ ಹಿಡಿದು ಬಂದರಿನಲ್ಲಿ ಗಂಡನನ್ನು ಗುರುತಿಸಬೇಕು. ದಾಂಪತ್ಯ ಎಂಬುದು ಮೊದಲು ವಿಶ್ವಾಸ, ಆಮೇಲೆ ಉಳಿದದ್ದೆಲ್ಲ ಎಂಬುದನ್ನು ಇವರಿಗಿಂತ ಚೆನ್ನಾಗಿ ಬಲ್ಲವರಾರು?

ನೆಲಮಾಳಿಗೆಯ ಪೂಜೆ

ಈಗ ನಮ್ಮ ಮನಸ್ಸಿಗೆ ಚುಚ್ಚಬೇಕಾದ ಒಂದು ಸಂಗತಿ. ನ್ಯೂಯಾರ್ಕ್ ನಗರದ ಪೂರ್ವ ಹಾರ್ಲೆಮ್ ಬಡಾವಣೆಯಲ್ಲಿ ಇಟಲಿಯ ಬಡಜನರು 1881ರಿಂದ ಕಾರ್ಮೆಲ್ ಮಾತೆಯ ಹಬ್ಬ ಆಚರಿಸತೊಡಗಿದರು. 1884ರಲ್ಲಿ 115ನೆಯ ಬೀದಿಯಲ್ಲಿ ಆ ಮಾತೆಯ ಹೆಸರಿನಲ್ಲೇ ದೇವಾಲಯ ಎದ್ದಿತು. ಆದರೆ ಮೇಲಿನ ದೇವಾಲಯದಲ್ಲಿ ಬಲಿಪೂಜೆ ಇತರ ಕಥೋಲಿಕರಿಗೆ. ಇಟಾಲಿಯನ್ನರಿಗೆ ಅನೇಕ ವರ್ಷಗಳ ಕಾಲ ಕೆಳಗಿನ ನೆಲಮಾಳಿಗೆ. ಅವರ ಮಾತೆಯ ಪ್ರತಿಮೆಯೂ ನೆಲಮಾಳಿಗೆಯಲ್ಲೇ ಇತ್ತು. ಇಂತಹ ಏರ್ಪಾಡು ಆ ಒಂದು ದೇವಾಲಯದಲ್ಲಷ್ಟೇ ಇರಲಿಲ್ಲ.

ಅವರನ್ನು ಕೆಳಗೆ ಕಳಿಸಿದವರು ಯಾರು? ಅಲ್ಲಿಯ ಧರ್ಮಸಭೆಯಲ್ಲಿ ಆಗ ಮುಂದಾಳುಗಳಾಗಿದ್ದವರು ಹೆಚ್ಚಾಗಿ ಐರಿಷ್ ಮೂಲದವರು. 1845ರಿಂದ ಐರ್ಲೆಂಡಿನಲ್ಲಿ ಬಿದ್ದ ಆಲೂಗೆಡ್ಡೆ ಬರಗಾಲದಿಂದ ಓಡಿಬಂದು, ಅಮೆರಿಕದಲ್ಲಿ ಅವಮಾನ ನುಂಗಿ ಮೇಲೆ ಬಂದವರ ಮಕ್ಕಳು. ಹೊಸದಾಗಿ ಬಂದವರು ಕಾಣಿಕೆ ಹಾಕುವುದಿಲ್ಲ, ಭಾನುವಾರದ ಪೂಜೆಗಿಂತ ಮೆರವಣಿಗೆಯೇ ಅವರಿಗೆ ಹೆಚ್ಚು, ಗದ್ದಲದ ಜನ ಎಂಬ ದೂರುಗಳಿದ್ದವು. ದೂರಿನಲ್ಲಿ ಸ್ವಲ್ಪ ನಿಜವೂ ಇದ್ದೀತು. ಆದರೆ ನಿನ್ನೆಯ ಪರದೇಶಿ ಇಂದಿನ ಪರದೇಶಿಯನ್ನು ಎಷ್ಟು ಬೇಗ ಮರೆಯುತ್ತಾನೆ!

ಎದ್ದು ನಿಂತವರು

ಉತ್ತರ ಇಟಲಿಯ ಪಿಯಚೆಂಜ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ ಜೊವಾನ್ನಿ ಬತ್ತಿಸ್ತ ಸ್ಕಲಬ್ರೀನಿಯವರು ಒಮ್ಮೆ ಮಿಲಾನ್ ರೈಲು ನಿಲ್ದಾಣದಲ್ಲಿ ನೂರಾರು ಬಡವರನ್ನು ಕಂಡರು. ಮುದುಕರು, ಗಂಡಸರು, ಕೂಸು ಹೊತ್ತ ಹೆಂಗಸರು. ಎಲ್ಲರೂ ಬಂದರಿಗೆ ಹೋಗುವ ಗಾಡಿಗೆ ಕಾದು ಕುಳಿತಿದ್ದರು. ಪಾದ್ರಿಯಿಲ್ಲದೆ, ಉಪಾಧ್ಯಾಯರಿಲ್ಲದೆ, ವೈದ್ಯರಿಲ್ಲದೆ ಬದುಕಿ ಸಾಯುತ್ತಿದ್ದೇವೆ ಎಂದು ಅಮೆರಿಕದಿಂದ ಬಂದ ಅಹವಾಲೂ ಅವರನ್ನು ಕಾಡುತ್ತಿತ್ತು. 1887ರ ನವೆಂಬರ್ 28ರಂದು ಅವರು ವಲಸಿಗರ ಸೇವೆಗಾಗಿಯೇ ಒಂದು ಗುರುಗಳ ಸಭೆಯನ್ನು ಸ್ಥಾಪಿಸಿದರು. ಬಂದರುಗಳಲ್ಲಿ ಏಜೆಂಟರ ಕೈಯಿಂದ ಜನರನ್ನು ಕಾಪಾಡಲು ಸಂತ ರಫಾಯೇಲರ ಹೆಸರಿನ ಶ್ರೀಸಾಮಾನ್ಯರ ಸಂಘ ಕಟ್ಟಿದರು. ವಲಸೆ ಹೋಗುವ ಸ್ವಾತಂತ್ರ್ಯ ಜನರಿಗಿರಲಿ, ಜನರನ್ನು ಹೊರಡಿಸಿ ಮಾರುವ ಸ್ವಾತಂತ್ರ್ಯ ಯಾರಿಗೂ ಬೇಡ ಎಂಬುದು ಅವರ ವಾದ. ಸರ್ಕಾರದ ಮುಂದೆಯೂ ಅದನ್ನೇ ವಾದಿಸಿದರು. 1901ರಲ್ಲಿ ಇಟಲಿ ವಲಸಿಗರ ರಕ್ಷಣೆಗೆ ಕಾನೂನು ತಂದಿತು. ತಾವೇ 1901ರಲ್ಲಿ ಅಮೆರಿಕಕ್ಕೂ 1904ರಲ್ಲಿ ಬ್ರೆಜಿಲಿಗೂ ಹೋಗಿ ತಮ್ಮ ಜನರನ್ನು ಕಂಡು ಬಂದರು.

ಮಾತೆ ಫ್ರಾನ್ಸೆಸ್ಕ ಕಬ್ರೀನಿಯವರ ಮನಸ್ಸೆಲ್ಲ ಚೀನಾದ ಮೇಲಿತ್ತು. ಜಗದ್ಗುರು 13ನೆಯ ಲಿಯೋರವರು ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹೋಗಿರಿ ಎಂದರು. ಬಾಲ್ಯದಲ್ಲಿ ನೀರಿಗೆ ಬಿದ್ದು ಹೆದರಿದ್ದ ಆ ಭಗಿನಿ 1889ರ ಮಾರ್ಚ್ 31ರಂದು ಆರು ಮಂದಿ ಸಂಗಾತಿಗಳೊಡನೆ ನ್ಯೂಯಾರ್ಕಿನಲ್ಲಿ ಇಳಿದರು. ತಂಗಲು ಸಿದ್ಧವಾದ ಮನೆಯಿಲ್ಲ. ಮರಳಿ ಇಟಲಿಗೆ ಹೋಗುವುದು ಲೇಸು ಎಂದು ಅಲ್ಲಿಯ ಮಹಾಧರ್ಮಾಧ್ಯಕ್ಷರೇ ಹೇಳಿದರು. ಜಗದ್ಗುರುಗಳೇ ಕಳಿಸಿದ್ದಾರೆಂದು ಅವರು ಅಲ್ಲಿಯೇ ನಿಂತರು. 1917ರಲ್ಲಿ ಅವರು ತೀರಿಕೊಳ್ಳುವಾಗ ಅನಾಥಾಲಯ, ಶಾಲೆ, ಆಸ್ಪತ್ರೆ ಸೇರಿ 67 ಸಂಸ್ಥೆಗಳಿದ್ದವು. 1909ರಲ್ಲಿ ಅಮೆರಿಕದ ಪೌರತ್ವ ಪಡೆದಿದ್ದ ಅವರು 1946ರಲ್ಲಿ ಸಂತಪದವಿಗೇರಿದ ಆ ದೇಶದ ಮೊದಲ ಪ್ರಜೆಯಾದರು.

ಇವರಿಬ್ಬರೂ ಮುಂದಾಳುಗಳು. ಇನ್ನೊಬ್ಬರು ಸಾಮಾನ್ಯ ವಲಸಿಗ. ಬೊರೆತ್ತೊ ಎಂಬ ಊರಿನ ಬಡ ರೈತರ ಮಗ ಅರ್ತೆಮಿದೆ ಜಾತ್ತಿ. ಒಂಬತ್ತನೆಯ ವಯಸ್ಸಿಗೇ ಪರರ ಹೊಲದಲ್ಲಿ ಕೂಲಿ. 1897ರಲ್ಲಿ ಇಡೀ ಕುಟುಂಬ ಅರ್ಜೆಂಟೀನಕ್ಕೆ ಹೋಯಿತು. ಅಲ್ಲಿಯ ಧರ್ಮಕೇಂದ್ರ ದೊನ್ ಬೊಸ್ಕೊರವರ ಸಲೇಸಿಯನ್ ಗುರುಗಳದು. ಹುಡುಗ ಆ ಸಭೆಗೆ ಸೇರಿ, ಕ್ಷಯರೋಗದ ಗುರುವೊಬ್ಬರನ್ನು ಶುಶ್ರೂಷೆ ಮಾಡುತ್ತ ತಾನೇ ರೋಗಿಯಾದನು. ಗುಣವಾದರೆ ಬಾಳೆಲ್ಲ ರೋಗಿಗಳಿಗೆ ಎಂದು ಮಾತೆ ಮರಿಯಮ್ಮನವರಿಗೆ ಹರಕೆ ಹೊತ್ತನು. ಗುಣವಾಯಿತು. 1951ರಲ್ಲಿ ತೀರಿಕೊಳ್ಳುವ ತನಕ ಬ್ರದರ್ ಜಾತ್ತಿಯವರು ವಿಯೆದ್ಮ ಎಂಬ ಊರಿನಲ್ಲಿ ದಾದಿಯ ಕೆಲಸ ಮಾಡಿ, ಸೈಕಲ್ ತುಳಿದುಕೊಂಡು ಬಡವರ ಮನೆಗಳಿಗೆ ಹೋಗಿ ಔಷಧ ಕೊಟ್ಟರು. ತಾಯ್ನಾಡು ಕೊಡದ ಅನ್ನವನ್ನು ಕೊಟ್ಟ ನಾಡಿಗೆ ಅವರು ತೀರಿಸಿದ ಋಣ ಇದು.

2022ರ ಅಕ್ಟೋಬರ್ 9ರಂದು ಜಗದ್ಗುರು ಫ್ರಾನ್ಸಿಸರು ಸ್ಕಲಬ್ರೀನಿ ಮತ್ತು ಜಾತ್ತಿ ಇಬ್ಬರನ್ನೂ ಒಂದೇ ಪೂಜೆಯಲ್ಲಿ ಸಂತರೆಂದು ಸಾರಿದರು. ವಲಸೆ ಹೋದವನು ಒಬ್ಬ, ವಲಸಿಗರಿಗೆ ತಂದೆಯಾದವರು ಒಬ್ಬರು. ಸಾರಿದವರೂ ವಲಸಿಗರ ಮಗನೇ. ಫ್ರಾನ್ಸಿಸರ ತಂದೆ 1929ರಲ್ಲಿ ತಮ್ಮ ತಂದೆತಾಯಿಯರೊಡನೆ ಇಟಲಿಯಿಂದ ಅರ್ಜೆಂಟೀನಕ್ಕೆ ಹೋದವರು. ಮೊದಲು ಟಿಕೆಟ್ ಮಾಡಿಸಿದ್ದ ಹಡಗು ‘ಪ್ರಿಂಚಿಪೆಸ್ಸ ಮಫಾಲ್ದ’ 1927ರಲ್ಲಿ ಬ್ರೆಜಿಲಿನ ಕಡಲಲ್ಲಿ ಮುಳುಗಿತು. ಆಸ್ತಿ ಮಾರಾಟ ತಡವಾದದ್ದರಿಂದ ಆ ಕುಟುಂಬ ಅದರಲ್ಲಿ ಹೋಗಲಿಲ್ಲ.

ಗುರುಗಳಿಲ್ಲದ ಕಾಡಿನಲ್ಲಿ

ದಕ್ಷಿಣ ಬ್ರೆಜಿಲಿನ ರಿಯೊ ಗ್ರಾಂದೆ ದೊ ಸುಲ್ ಪ್ರಾಂತದ ಬೆಟ್ಟಗಳಿಗೆ 1875ರಿಂದ ವೆನೆತೊ, ಲೊಂಬಾರ್ದಿಯ ಮುಂತಾದ ಕಡೆಗಳ ರೈತಕುಟುಂಬಗಳು ಬಂದವು. ಸುತ್ತ ದಟ್ಟ ಕಾಡು. ಗುರುಗಳು ಬರುವುದು ಎಂದೋ ಒಮ್ಮೆ. ಆ ಜನ ಕೈಕಟ್ಟಿ ಕೂರಲಿಲ್ಲ. ಮರ ಕಡಿದು ಮೊದಲು ಮನೆ, ಬೆನ್ನಿಗೇ ಒಂದು ಪುಟ್ಟ ಪ್ರಾರ್ಥನಾಮಂದಿರ ಕಟ್ಟಿದರು. ತಮ್ಮಲ್ಲೇ ಒಬ್ಬ ಭಕ್ತಿವಂತನನ್ನು ಆರಿಸಿಕೊಂಡರು. ಅವನು ಭಾನುವಾರ ಜಪಸರ ಹೇಳಿಸುವನು, ಬಾಯಿಪಾಠವಾಗಿದ್ದ ಲತೀನ್ ಮಾಲೆಪ್ರಾರ್ಥನೆ ನಡೆಸುವನು, ಸಾಯುವ ಕೂಸಿಗೆ ಜ್ಞಾನಸ್ನಾನ ಕೊಡುವನು, ಸತ್ತವರನ್ನು ಪ್ರಾರ್ಥನೆಯೊಡನೆ ಮಣ್ಣುಮಾಡುವನು. ರಾತ್ರಿ ಊಟವಾದ ಮೇಲೆ ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಕೂಡುತ್ತಿದ್ದರು. ಹೆಂಗಸರು ಹುಲ್ಲಿನ ಟೊಪ್ಪಿ ಹೆಣೆಯುತ್ತ, ಗಂಡಸರು ಮಾತಾಡುತ್ತ, ಎಲ್ಲರೂ ಕೂಡಿ ಪ್ರಾರ್ಥಿಸುವರು. ಅವರ ವೆನೆತೊ ನುಡಿ ಅಲ್ಲಿ ‘ತಾಲಿಯಾನ್’ ಎಂಬ ಹೆಸರಿನಲ್ಲಿ ಇಂದಿಗೂ ಬದುಕಿದೆ. 2014ರಲ್ಲಿ ಬ್ರೆಜಿಲ್ ಅದನ್ನು ತನ್ನ ಸಾಂಸ್ಕೃತಿಕ ಆಸ್ತಿ ಎಂದು ಮಾನ್ಯಮಾಡಿತು. ಗುಡಿಗಿಂತ ಮೊದಲು ಮನೆಯೇ ದೇವಾಲಯವಾದುದರಿಂದ ಭಾಷೆಯೂ ವಿಶ್ವಾಸವೂ ಉಳಿದವು.

ಕಲ್ಲಿದ್ದಲಿಗೆ ಬದಲಾಗಿ ಮನುಷ್ಯರು

1946ರಲ್ಲಿ ಇಟಲಿ ಮತ್ತು ಬೆಲ್ಜಿಯಂ ಒಂದು ಒಪ್ಪಂದ ಮಾಡಿಕೊಂಡವು. ಇಟಲಿ ಗಣಿಗಳಿಗೆ ಆಳು ಕಳಿಸಬೇಕು, ಬೆಲ್ಜಿಯಂ ಕಲ್ಲಿದ್ದಲು ಕೊಡಬೇಕು. ಹೋದ ಎಷ್ಟೋ ಮಂದಿಗೆ ಸಿಕ್ಕ ವಸತಿ ಯುದ್ಧಕೈದಿಗಳಿದ್ದ ತಗಡಿನ ಶೆಡ್ಡುಗಳು. 1956ರ ಆಗಸ್ಟ್ 8ರಂದು ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಾಲಿಯನ್ನರು. ಇಂದು ಇಟಲಿ ದೇಶ ಆ ದಿನವನ್ನು, ಪರದೇಶಗಳಲ್ಲಿ ದುಡಿದು ಪ್ರಾಣಬಿಟ್ಟ ತನ್ನ ಮಕ್ಕಳ ಸ್ಮರಣೆಯ ದಿನವಾಗಿ ಆಚರಿಸುತ್ತದೆ.

ನೆನಪು ಮಾಸಿದಾಗ

1970ರ ದಶಕದಿಂದ ಗಾಳಿ ತಿರುಗಿತು. ಆಳು ಕಳಿಸುತ್ತಿದ್ದ ಇಟಲಿಗೆ ಹೊರಗಿನವರು ಬರತೊಡಗಿದರು. ನಮ್ಮ ದೇಶದ ಪಂಜಾಬಿನವರು ಅಲ್ಲಿಯ ಹಾಲಿನ ಕೊಟ್ಟಿಗೆಗಳಲ್ಲಿ, ತರಕಾರಿ ಹೊಲಗಳಲ್ಲಿ ಸಾವಿರಾರು ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. 2024ರ ಜೂನ್ ತಿಂಗಳಿನಲ್ಲಿ ರೋಮಿನ ದಕ್ಷಿಣಕ್ಕಿರುವ ಲಾತಿನ ಪ್ರದೇಶದ ಹೊಲವೊಂದರಲ್ಲಿ ಭಾರತೀಯ ಕೂಲಿಯೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಅವನನ್ನು ಆಸ್ಪತ್ರೆಗೆ ಒಯ್ಯದೆ ಅವನ ಬಿಡಾರದ ಬಳಿ ಬಿಟ್ಟುಹೋದರು. ಎರಡು ದಿನಗಳ ಮೇಲೆ ಅವನು ತೀರಿಕೊಂಡನು. ಇಡೀ ಇಟಲಿ ತಲೆತಗ್ಗಿಸಿತು, ಸಾವಿರಾರು ಜನ ಬೀದಿಗಿಳಿದು ನ್ಯಾಯ ಕೇಳಿದರು. ಬ್ರೆಜಿಲಿನ ತೋಟಗಳಲ್ಲಿ, ಬೆಲ್ಜಿಯಂನ ಗಣಿಗಳಲ್ಲಿ ತನ್ನ ಮಕ್ಕಳನ್ನು ಕಳೆದುಕೊಂಡ ನಾಡಿನಲ್ಲಿಯೇ ಇದು ನಡೆಯಿತಲ್ಲ ಎಂಬುದು ಅವರಲ್ಲಿ ಅನೇಕರ ನೋವು.

ಜಗದ್ಗುರು ಫ್ರಾನ್ಸಿಸರು ರೋಮಿನಿಂದ ಹೊರಗೆ ಮಾಡಿದ ಮೊದಲ ಪ್ರಯಾಣ, 2013ರ ಜುಲೈ 8ರಂದು, ಲಂಪೆದೂಸ ದ್ವೀಪಕ್ಕೆ. ಕಡಲಲ್ಲಿ ಮುಳುಗಿ ಸತ್ತ ವಲಸಿಗರಿಗಾಗಿ ಅಲ್ಲಿ ಪ್ರಾರ್ಥಿಸಿದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವ ತನಕ ಈ ಒಂದು ಮಾತನ್ನು ಅವರು ಬಿಡಲಿಲ್ಲ.

ನಮಗಿರುವ ಪಾಠ

ಮೊದಲ ಪ್ರಶ್ನೆಗೆ ಬರೋಣ. ಕಡಲು ದಾಟಿದ ಮಾತ್ರಕ್ಕೆ ಯಾರೂ ದಿಕ್ಕಿಲ್ಲದವರಾಗುವುದಿಲ್ಲ. ಊರಿನ ಮನೆ ಕಾಗದ ಬರೆಯುವುದನ್ನು ಬಿಟ್ಟಾಗ, ದಾರಿಯಲ್ಲಿ ಸ್ವಜನರೇ ಸುಲಿದಾಗ, ಹೋದ ಊರಿನ ದೇವಾಲಯ ನೆಲಮಾಳಿಗೆ ತೋರಿಸಿದಾಗ ಮನುಷ್ಯ ಪರದೇಶಿಯಾಗುತ್ತಾನೆ. ಈ ಮೂರು ಕಡೆಗಳಲ್ಲಿ ಒಂದೊಂದು ಕೈ ಚಾಚಿದರೆ ಸಾಕು, ಅವನು ಬದುಕುತ್ತಾನೆ. ಜಗದ್ಗುರು 12ನೆಯ ಭಕ್ತಿನಾಥರು 1952ರ ‘ಎಕ್ಸುಲ್ ಫಮೀಲಿಯ’ ಎಂಬ ಶಾಸನದಲ್ಲಿ ಐಗುಪ್ತಕ್ಕೆ ಓಡಿಹೋದ ಪವಿತ್ರ ಕುಟುಂಬವನ್ನು ಎಲ್ಲ ವಲಸಿಗರ ಆದರ್ಶವೆಂದು ತೋರಿಸಿದರು. ಆ ರಾತ್ರಿ ಜೋಸೆಫರು ಬಾಗಿಲು ತಟ್ಟಿದ ಐಗುಪ್ತದ ಮನೆ ಯಾವುದೋ ಶುಭಸಂದೇಶ ಹೇಳುವುದಿಲ್ಲ. ಆದರೆ ಯಾರೋ ತೆರೆದಿರಬೇಕು.

ನಮ್ಮ ಮಕ್ಕಳು ದುಬೈ, ಕುವೈತ್, ಮುಂಬಯಿ, ಬೆಂಗಳೂರುಗಳಲ್ಲಿದ್ದಾರೆ. ನಮ್ಮ ಕಾಫಿ ತೋಟಗಳಿಗೆ, ಕಟ್ಟಡದ ಕೆಲಸಗಳಿಗೆ ಜಾರ್ಖಂಡ್, ಒಡಿಶಾ, ಅಸ್ಸಾಂ ಕಡೆಗಳಿಂದ ಇನ್ನಾರದೋ ಮಕ್ಕಳು ಬಂದಿದ್ದಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಭಾನುವಾರ ದೇವಾಲಯದ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ಭಾಷೆ ಬಾರದೆ ಸುಮ್ಮನೆ ನಿಲ್ಲುವವರನ್ನು ಗಮನಿಸಿರಿ. ಕೊನೆಯ ತೀರ್ಪಿನ ದಿನ ಪ್ರಭು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಪರದೇಶಿಯನ್ನು ಕುರಿತ ಪ್ರಶ್ನೆಯೂ ಒಂದು ಎಂದು ಮತ್ತಾಯನು ಬರೆದಿದ್ದಾನೆ.

ಮನೆಯಲ್ಲಿ ಕೂಡಿ ಚಿಂತಿಸಲು

1. ಹೊರಗೆ ದುಡಿಯುವ ನಮ್ಮವರೊಡನೆ ಹಣದ ಮಾತನ್ನಷ್ಟೇ ಆಡುತ್ತೇವೆಯೇ, ಅಥವಾ ಅವರ ಊಟ, ನಿದ್ರೆ, ಪ್ರಾರ್ಥನೆಗಳನ್ನೂ ವಿಚಾರಿಸುತ್ತೇವೆಯೇ?

2. ಗಂಡ ದೂರದಲ್ಲಿರುವ ಮನೆ ನಮ್ಮ ನೆರೆಯಲ್ಲಿದೆಯೇ? ಆ ತಾಯಿಗೆ ನಾವು ಆಸರೆಯೋ, ಆಡಿಕೊಳ್ಳುವ ಬಾಯಿಗಳೋ?

3. ಮಗನನ್ನು ಕಳಿಸುವ ಮೊದಲು ಏಜೆಂಟನ ಕಾಗದಪತ್ರಗಳನ್ನು ತಿಳಿದವರಿಗೆ ತೋರಿಸಿದ್ದೇವೆಯೇ?

4. ಮುಂದಿನ ಭಾನುವಾರ ಪೂಜೆಯಾದ ಮೇಲೆ, ಕೊನೆಯ ಸಾಲಿನಲ್ಲಿ ನಿಂತ ಒಬ್ಬ ಹೊಸಬನ ಹೆಸರನ್ನು ಕೇಳುವಿರಾ? ಬೇರೆ ಭಾಷೆ ಬೇಕಿಲ್ಲ. ಹೆಸರು ಕೇಳಲು ಒಂದು ನಗು ಸಾಕು.